ಓದುಗರ ಪ್ರಶ್ನೆ: ಫೈನಲ್ ಗೆಲ್ಲಿಸುವುದು ಕೋಚ್‌ನ ಮಾತೇ, ಸಿದ್ಧತೆಯೇ?

ಪ್ರಶ್ನೆ: ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ 2005ರ ಫೈನಲ್‌ನಲ್ಲಿ ವಿರಾಮದ ಹೊತ್ತಿಗೆ 0–3ರಿಂದ ಹಿಂದಿದ್ದ ಇಂಗ್ಲೆಂಡಿನ ಲಿವರ್‌ಪೂಲ್ ತಂಡ, ಇಟಲಿಯ ಎ.ಸಿ. ಮಿಲಾನ್ ವಿರುದ್ಧ ಪಂದ್ಯವನ್ನು ಸಮ ಮಾಡಿಕೊಂಡು ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದಿತು. ಮ್ಯಾನೇಜರ್ ರಾಫಾ ಬೆನಿಟೆಜ್ ಅಂದು ಡ್ರೆಸ್ಸಿಂಗ್ ರೂಮಿನಲ್ಲಿ ಮಾಡಿದ ಗೀತೋಪದೇಶವೇ ಇದಕ್ಕೆಲ್ಲ ಕಾರಣವೆಂದು ನನ್ನ ಗೆಳೆಯರು ವಾದಿಸುತ್ತಾರೆ. ಹದಿನೈದು ನಿಮಿಷದ ಮಾತಿಗೆ ಇಷ್ಟು ಶಕ್ತಿ ಇರಲು ಸಾಧ್ಯವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಗೆಳೆಯರ ವಾದ ಕೇಳಲು ಸೊಗಸಾಗಿದೆ. ಆದರೆ ಅಂದಿನ ಆಟದ ವಿವರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಅದರಲ್ಲಿ ಅರ್ಧದಷ್ಟು ಮಾತ್ರ ನಿಲ್ಲುತ್ತದೆ.

ಮೇ 25ರ ಆ ರಾತ್ರಿ ಇಸ್ತಾಂಬುಲ್‌ನ ಅತಾತುರ್ಕ್ ಒಲಿಂಪಿಕ್ ಕ್ರೀಡಾಂಗಣದಲ್ಲಿ ಮೊದಲ ನಿಮಿಷದಲ್ಲೇ ಪಾವ್ಲೊ ಮಾಲ್ದೀನಿ ಗೋಲು ಹೊಡೆದರು, ವಿರಾಮಕ್ಕೆ ಸ್ವಲ್ಪ ಮುಂಚೆ ಹೆರ್ನಾನ್ ಕ್ರೆಸ್ಪೊ ಇನ್ನೆರಡು ಸೇರಿಸಿದರು. ಈ ಮೂರು ಗೋಲುಗಳ ಹಿಂದೆ ಆಟಗಾರರ ನಿರುತ್ಸಾಹವೇನೂ ಇರಲಿಲ್ಲ. ಇದ್ದದ್ದು ಬೆನಿಟೆಜ್ ಅವರದೇ ಆಯ್ಕೆಯ ಒಂದು ದೋಷ. ರಕ್ಷಣೆಗೆ ಒತ್ತು ಕೊಡುವ ಮಿಡ್‌ಫೀಲ್ಡರ್ ಡೀಟ್ಮಾರ್ ಹಮಾನ್ ಅವರನ್ನು ಹೊರಗೆ ಕೂರಿಸಿ, ಆಕ್ರಮಣದ ಆಸೆಯಿಂದ ಹ್ಯಾರಿ ಕೀವೆಲ್ ಅವರನ್ನು ಇಳಿಸಲಾಗಿತ್ತು. ಕೀವೆಲ್ ಗಾಯಗೊಂಡು ಮೊದಲಾರ್ಧ ಅರ್ಧ ಮುಗಿಯುವಷ್ಟರಲ್ಲೇ ಹೊರನಡೆದರು. ಹಮಾನ್ ಇಲ್ಲದೆ ತೆರವಾಗಿದ್ದ ಜಾಗದಲ್ಲಿ ಮಿಲಾನ್‌ನ ಕಾಕಾ ಹಿತ್ತಲಲ್ಲಿ ಅಡ್ಡಾಡುವಷ್ಟು ನಿರಾಳವಾಗಿ ಓಡಾಡಿದರು. ಹೀಗಿರುವಾಗ ವಿರಾಮದಲ್ಲಿ ಆಗಬೇಕಾಗಿದ್ದ ಮೊದಲ ಕೆಲಸವೆಂದರೆ ಆ ಜಾಗವನ್ನು ಮುಚ್ಚುವುದು.

ಬೆನಿಟೆಜ್ ಅದನ್ನೇ ಮಾಡಿದರು. ಹಿಂದಿನ ನಾಲ್ವರ ಸಾಲನ್ನು ಮೂವರಿಗೆ ಇಳಿಸಿ, ಹಮಾನ್ ಅವರನ್ನು ಶಾಬಿ ಅಲೊನ್ಸೊ ಪಕ್ಕದಲ್ಲಿ ನಿಲ್ಲಿಸಿ, ಅದರಿಂದ ಬಿಡುವು ಪಡೆದ ನಾಯಕ ಸ್ಟೀವನ್ ಜೆರಾರ್ಡ್ ಅವರನ್ನು ಮುಂದಕ್ಕೆ ಕಳುಹಿಸಿದರು. ಈ ಬದಲಾವಣೆ ಕೂಡ ಸಲೀಸಾಗಿ ಆದದ್ದಲ್ಲ. ಮೊದಲು ಹೊರಹೋಗಬೇಕೆಂದು ಹೇಳಿಸಿಕೊಂಡವರು ಡಿಫೆಂಡರ್ ಜಿಮಿ ತ್ರವೋರೆ. ಅಷ್ಟರಲ್ಲಿ ಸ್ಟೀವ್ ಫಿನ್ನನ್ ಅವರ ಗಾಯ ದ್ವಿತೀಯಾರ್ಧಕ್ಕೆ ತಾಳುವುದಿಲ್ಲವೆಂದು ಫಿಸಿಯೊ ತಿಳಿಸಿದ್ದರಿಂದ, ಆಟ ಮುಗಿಯಿತೆಂದುಕೊಂಡಿದ್ದ ತ್ರವೋರೆ ಮತ್ತೆ ಮೈದಾನಕ್ಕೆ ಮರಳಬೇಕಾಯಿತು. ಮಹಾನ್ ಯೋಜನೆಗಳೆಂದು ನಾವು ನೆನೆಯುವ ಎಷ್ಟೋ ಸಂಗತಿಗಳ ಒಳಗೆ ಇಂಥ ಗಡಿಬಿಡಿ ಇರುತ್ತದೆ ಎಂಬುದನ್ನು ಕ್ರೀಡಾ ವರದಿಗಾರರಾದ ನಾವು ಬರೆಯುವಾಗ ಮರೆಯುವುದೇ ಹೆಚ್ಚು.

ಅನಂತರ ನಡೆದದ್ದು ನಿಮಗೆ ಗೊತ್ತೇ ಇದೆ: 54ನೇ ನಿಮಿಷದಲ್ಲಿ ಜೆರಾರ್ಡ್ ತಲೆಯಿಂದ ಹೊಡೆದ ಗೋಲು (ಹೆಡರ್), 56ರಲ್ಲಿ ಕೀವೆಲ್ ಬದಲಿಗೆ ಬಂದಿದ್ದ ವ್ಲಾದಿಮಿರ್ ಸ್ಮಿಸರ್ ದೂರದಿಂದ ಹೊಡೆದ ಗೋಲು, 60ರಲ್ಲಿ ಅಲೊನ್ಸೊ ಅವರ ಪೆನಾಲ್ಟಿಯನ್ನು ಗೋಲ್‌ಕೀಪರ್ ಡೀಡಾ ತಡೆದರೂ ಮರಳಿ ಬಂದ ಚೆಂಡಿನಿಂದ ಮೂರನೆಯದು. ಮೊದಲ ಗೋಲು ಹೊಡೆದವರೂ, ಮೂರನೆಯ ಗೋಲಿಗೆ ಕಾರಣವಾದ ಪೆನಾಲ್ಟಿ ಸಂಪಾದಿಸಿದವರೂ ಜೆರಾರ್ಡ್ ಅವರೇ. ಹಮಾನ್ ಬಂದು ಅವರನ್ನು ಮುಂದಕ್ಕೆ ಬಿಟ್ಟಿದ್ದರಿಂದಲೇ ಅವರು ಆ ಜಾಗಗಳಲ್ಲಿದ್ದರು.

ಹಾಗಾದರೆ ಮಾತಿಗೆ ಬೆಲೆಯೇ ಇಲ್ಲವೇ? ಇದೆ. ತಲೆ ತಗ್ಗಿಸಬೇಡಿ, ಇಷ್ಟು ದೂರ ಬಂದಿರುವ ಅಭಿಮಾನಿಗಳಿಗಾಗಿ ಆಡಿ ಎಂಬ ಅರ್ಥದ ಮಾತುಗಳನ್ನು ಬೆನಿಟೆಜ್ ಆಡಿದರೆಂದು ಅಲ್ಲಿದ್ದವರು ಹೇಳಿಕೊಂಡಿದ್ದಾರೆ. ಅವರು ಸ್ಪೇನ್‌ನವರು, ಇಂಗ್ಲೆಂಡಿನಲ್ಲಿ ಅದು ಅವರ ಮೊದಲ ಋತು, ಇಂಗ್ಲಿಷಿನಲ್ಲಿ ನಿರರ್ಗಳ ವಾಗ್ಮಿಯೇನೂ ಆಗಿರಲಿಲ್ಲ. ಮೂರು ಗೋಲು ತಿಂದು ಕುಸಿದು ಕೂತ ಆಟಗಾರನಿಗೆ ಆ ಹೊತ್ತಿನಲ್ಲಿ ಬೇಕಾಗುವುದು ಮುಂದೆ ತಾನು ಎಲ್ಲಿ ನಿಲ್ಲಬೇಕು, ಯಾರನ್ನು ನೋಡಿಕೊಳ್ಳಬೇಕು ಎಂಬ ಖಚಿತ ಸೂಚನೆ. ಹಾಗೆ ಸ್ಪಷ್ಟವಾದ ಕೆಲಸ ಕೈಗೆ ಸಿಕ್ಕಿದ ಮೇಲೆ ಧೈರ್ಯದ ಮಾತು ಒಳಗಿಳಿಯುತ್ತದೆ, ಅದಿಲ್ಲದೆ ಆಡಿದರೆ ಗೋಡೆಗೆ ಆಡಿದಂತಾಗುತ್ತದೆ. ನಿಮ್ಮ ಗೆಳೆಯರು ಗೀತೋಪದೇಶದ ಹೋಲಿಕೆಯನ್ನೇ ಬಳಸಿದ್ದರಿಂದ ಹೇಳುತ್ತೇನೆ: ಉಪದೇಶ ಮಾಡಿದ ಕೃಷ್ಣ ಆಮೇಲೆ ಹದಿನೆಂಟು ದಿನ ಕುದುರೆಗಳ ಲಗಾಮನ್ನೂ ಹಿಡಿದಿದ್ದ.

ಅದೃಷ್ಟದ ಪಾಲನ್ನೂ ಮರೆಯಬಾರದು. ಹೆಚ್ಚುವರಿ ಅವಧಿಯ ಕೊನೆಯಲ್ಲಿ ಆಂದ್ರಿ ಶೆವ್ಚೆಂಕೊ ತೀರಾ ಹತ್ತಿರದಿಂದ ಎರಡು ಬಾರಿ ಹೊಡೆದ ಚೆಂಡನ್ನು ಗೋಲ್‌ಕೀಪರ್ ಯೆರ್ಜಿ ದುದೆಕ್ ಎರಡು ಬಾರಿಯೂ ತಡೆಯದೇ ಹೋಗಿದ್ದರೆ ಇಂದು ಯಾರೂ ಆ ವಿರಾಮದ ಬಗ್ಗೆ ಮಾತನಾಡುತ್ತಿರಲಿಲ್ಲ. ಎರಡು ವರ್ಷಗಳ ನಂತರ, 2007ರಲ್ಲಿ, ಅಥೆನ್ಸ್‌ನಲ್ಲಿ ಇದೇ ಬೆನಿಟೆಜ್ ಮತ್ತು ಅಂದಿನ ಮಿಲಾನ್ ಕೋಚ್ ಕಾರ್ಲೊ ಅಂಚೆಲೊಟ್ಟಿ ಮತ್ತೆ ಫೈನಲ್‌ನಲ್ಲಿ ಎದುರಾದರು. ಅಂದು ಮಿಲಾನ್ 2–1ರಿಂದ ಗೆದ್ದಿತು. ಬೆನಿಟೆಜ್ ಅವರ ವಾಕ್ಚಾತುರ್ಯ ಎರಡು ವರ್ಷದಲ್ಲಿ ಕುಂದಿತ್ತು ಎಂದು ಯಾರೂ ವಾದಿಸಲಿಲ್ಲ.

ಪ್ರಶ್ನೆ: ಬಲಿಷ್ಠ ತಂಡದ ಎದುರು ದುರ್ಬಲ ತಂಡ ಫೈನಲ್ ಗೆದ್ದಾಗಲೆಲ್ಲ ‘ಛಲದ ಗೆಲುವು’ ಎಂದು ಪತ್ರಿಕೆಗಳು ಬರೆಯುತ್ತವೆ. ಛಲವನ್ನು ಬಿಟ್ಟು, ಸಿದ್ಧತೆಯೇ ಗೆಲ್ಲಿಸಿತು ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ಉದಾಹರಣೆ ಕೊಡುವಿರಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: 1988ರ ಮೇ 14ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ, ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್.ಎ. ಕಪ್‌ನ ಫೈನಲ್ ನನ್ನ ಮಟ್ಟಿಗೆ ಅಂಥ ಉದಾಹರಣೆ. ಆ ಋತುವಿನ ನಲವತ್ತು ಲೀಗ್ ಪಂದ್ಯಗಳಲ್ಲಿ ಎರಡನ್ನು ಮಾತ್ರ ಸೋತು ಚಾಂಪಿಯನ್ ಆಗಿದ್ದ ಲಿವರ್‌ಪೂಲ್ ಒಂದು ಕಡೆ, 1977ರಲ್ಲಷ್ಟೇ ಇಂಗ್ಲಿಷ್ ಲೀಗಿನೊಳಗೆ ಕಾಲಿಟ್ಟಿದ್ದ ಲಂಡನ್ನಿನ ಪುಟ್ಟ ಕ್ಲಬ್ ವಿಂಬಲ್ಡನ್ ಇನ್ನೊಂದು ಕಡೆ. ಲಾರಿ ಸ್ಯಾಂಚೆಜ್ ಅವರ ಒಂದೇ ಹೆಡರ್‌ನಿಂದ ವಿಂಬಲ್ಡನ್ 1–0 ಅಂತರದಲ್ಲಿ ಗೆದ್ದಿತು. ವಿಂಬಲ್ಡನ್ ಆಟಗಾರರು ಒರಟರು, ಪುಂಡರು, ಎದುರಾಳಿಯನ್ನು ಹೆದರಿಸಿ ಗೆದ್ದರು ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಆ ತಂಡದ ಆಟಗಾರರೇ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರಾದ್ದರಿಂದ ಅಲ್ಲಗಳೆಯುವುದು ಕಷ್ಟ.

ಆದರೂ ಆಟವನ್ನು ಮತ್ತೆ ನೋಡಿದರೆ ಕಾಣುವುದು ಬೇರೆ. ಮ್ಯಾನೇಜರ್ ಬಾಬಿ ಗೌಲ್ಡ್ ಜೊತೆಗೆ ಕೋಚ್ ಆಗಿದ್ದ ಡಾನ್ ಹೌ, 1971ರಲ್ಲಿ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದ ಆರ್ಸೆನಲ್ ತಂಡದ ಕೋಚ್ ಆಗಿದ್ದವರು, ರಕ್ಷಣೆಯ ವ್ಯೂಹ ಕಟ್ಟುವುದರಲ್ಲಿ ಪಳಗಿದವರು. ಲಿವರ್‌ಪೂಲ್‌ನ ಆಟದ ಜೀವಾಳ ಎಡಬದಿಯಲ್ಲಿ ಓಡುವ ಜಾನ್ ಬಾರ್ನ್ಸ್ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರೂ ತಡೆಯಲು ಯಾರಿಗೂ ಆಗಿರಲಿಲ್ಲ. ಒಬ್ಬ ಡಿಫೆಂಡರ್ ಬಾರ್ನ್ಸ್‌ಗೆ ಸಾಲುವುದಿಲ್ಲವೆಂದು ಡೆನಿಸ್ ವೈಸ್ ಅವರನ್ನು ಅದೇ ಬದಿಗೆ ನೆರವಿಗಿಟ್ಟು, ಚೆಂಡು ಬಂದಾಗಲೆಲ್ಲ ಇಬ್ಬರು ಎದುರಾಗುವಂತೆ ಮಾಡಿದರು. ಬಾರ್ನ್ಸ್ ಅಂದು ಕಳೆಗುಂದಿದರು. ಇದು ಮೊದಲೇ ತೀರ್ಮಾನವಾಗಿದ್ದ, ಅಭ್ಯಾಸ ಮಾಡಿಕೊಂಡಿದ್ದ ಕೆಲಸವಾಗಿತ್ತು.

ಪೆನಾಲ್ಟಿಯ ಪ್ರಸಂಗ ಇನ್ನೂ ಸ್ಪಷ್ಟ. ದ್ವಿತೀಯಾರ್ಧದಲ್ಲಿ ಲಿವರ್‌ಪೂಲ್‌ಗೆ ಪೆನಾಲ್ಟಿ ಸಿಕ್ಕಿದಾಗ ಹೊಡೆಯಲು ಬಂದವರು ಜಾನ್ ಆಲ್ಡ್ರಿಜ್. ಓಡಿಬರುವಾಗ ಕ್ಷಣಕಾಲ ತಡೆದು, ಗೋಲ್‌ಕೀಪರ್ ಯಾವ ಕಡೆಗೆ ವಾಲುತ್ತಾನೆಂದು ನೋಡಿಕೊಂಡು ಇನ್ನೊಂದು ಕಡೆಗೆ ಹೊಡೆಯುವುದು ಅವರ ರೂಢಿ. ವಿಂಬಲ್ಡನ್‌ನ ಗೋಲ್‌ಕೀಪರ್ ಡೇವ್ ಬೀಸಂಟ್ ಆ ರೂಢಿಯನ್ನು ಮೊದಲೇ ಗಮನಿಸಿಟ್ಟುಕೊಂಡಿದ್ದರು. ಆಲ್ಡ್ರಿಜ್ ತಡೆದಾಗ ಬೀಸಂಟ್ ಅಲುಗಲಿಲ್ಲ, ಚೆಂಡು ಹೊರಟ ಮೇಲೆ ತಮ್ಮ ಎಡಕ್ಕೆ ಹಾರಿ ತಳ್ಳಿಹಾಕಿದರು. ವೆಂಬ್ಲಿಯಲ್ಲಿ ನಡೆದ ಎಫ್.ಎ. ಕಪ್ ಫೈನಲ್‌ಗಳಲ್ಲಿ ಗೋಲ್‌ಕೀಪರ್ ತಡೆದ ಮೊದಲ ಪೆನಾಲ್ಟಿ ಅದು. ಆ ದಿನ ನಾಯಕರೂ ಆಗಿದ್ದ ಬೀಸಂಟ್, ವೆಂಬ್ಲಿಯಲ್ಲಿ ಆ ಕಪ್ಪನ್ನು ನಾಯಕನಾಗಿ ಎತ್ತಿಹಿಡಿದ ಮೊದಲ ಗೋಲ್‌ಕೀಪರ್ ಕೂಡ ಹೌದು.

ಇಷ್ಟು ಹೇಳಿ ಇನ್ನೊಂದು ಸಂಗತಿ ಮುಚ್ಚಿಡುವುದು ನ್ಯಾಯವಲ್ಲ. ಫೈನಲ್‌ನ ಹಿಂದಿನ ರಾತ್ರಿ ಹೋಟೆಲಿನಲ್ಲಿ ಚಡಪಡಿಸುತ್ತಿದ್ದ ಆಟಗಾರರ ಕೈಗೆ ಗೌಲ್ಡ್ ಹಣ ಕೊಟ್ಟು ಪಬ್‌ಗೆ ಹೋಗಿಬನ್ನಿ ಎಂದು ಕಳುಹಿಸಿದರೆಂದು ಆ ಆಟಗಾರರು ಹೇಳಿಕೊಂಡಿದ್ದಾರೆ. ಇಂದಿನ ಆಹಾರತಜ್ಞರು ಕೇಳಿದರೆ ಎದೆ ಹಿಡಿದುಕೊಂಡಾರು. ಆದರೆ ನನಗೆ ಅದು ಬೇಜವಾಬ್ದಾರಿಯಾಗಿ ಕಾಣುವುದಿಲ್ಲ: ಮೈದಾನದಲ್ಲಿ ಏನು ಮಾಡಬೇಕೆಂಬುದು ಮನದಟ್ಟಾಗಿದ್ದ ತಂಡಕ್ಕೆ ಆ ರಾತ್ರಿ ಬೇಕಾಗಿದ್ದದ್ದು ನಿದ್ದೆ ಮತ್ತು ನಗು, ಅವೆರಡನ್ನೂ ತರುವ ದಾರಿ ಅವರ ಮ್ಯಾನೇಜರ್‌ಗೆ ಗೊತ್ತಿತ್ತು.

ಇದಕ್ಕಿಂತ ಹಳೆಯ ಉದಾಹರಣೆ ಬೇಕಿದ್ದರೆ 1954ರ ವಿಶ್ವಕಪ್ ನೋಡಿ. ಗುಂಪಿನ ಹಂತದಲ್ಲಿ ಹಂಗೆರಿಯಿಂದ 3–8ರ ಹೊಡೆತ ತಿಂದ ಪಶ್ಚಿಮ ಜರ್ಮನಿ, ಎರಡು ವಾರಗಳಲ್ಲಿ ಅದೇ ಹಂಗೆರಿಯನ್ನು ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ನಡೆದ ಫೈನಲ್‌ನಲ್ಲಿ 3–2ರಿಂದ ಸೋಲಿಸಿತು. ಗುಂಪಿನ ಪಂದ್ಯ ಸೋತರೂ ತುರ್ಕಿಯ ವಿರುದ್ಧ ಮತ್ತೊಂದು ಪಂದ್ಯದ ಅವಕಾಶವಿದೆ ಎಂಬ ನಿಯಮವನ್ನು ಕೋಚ್ ಸೆಪ್ ಹೆರ್ಬರ್ಗರ್ ಸರಿಯಾಗಿ ಓದಿಕೊಂಡಿದ್ದರು, ಹಾಗಾಗಿ ಹಂಗೆರಿಯ ಎದುರು ಹಲವು ಪ್ರಮುಖರಿಗೆ ವಿಶ್ರಾಂತಿ ಕೊಟ್ಟಿದ್ದರು. ಫೈನಲ್‌ನ ದಿನ ಮಳೆ ಸುರಿದಾಗ, ಅಡಿಡಾಸ್ ಕಂಪನಿಯ ಸ್ಥಾಪಕ ಆದಿ ದಾಸ್ಲರ್ ತಯಾರಿಸಿದ್ದ, ಅಡಿಯಲ್ಲಿ ಜಾರದಂತೆ ಹಿಡಿಯುವ ಸ್ಟಡ್ಡುಗಳನ್ನು ತಿರುಪಿ ಬದಲಿಸಬಹುದಾದ ಬೂಟುಗಳು ಜರ್ಮನ್ನರ ಕಾಲಲ್ಲಿದ್ದವು. ಮಳೆ ಯಾರ ಕೈಯಲ್ಲೂ ಇಲ್ಲ, ಆದರೆ ಮಳೆಗೆ ಬೇಕಾದ ಬೂಟು ಕೋಚ್‌ನ ಕೈಯಲ್ಲಿದೆ. ಹಂಗೆರಿ ಸೆಮಿಫೈನಲ್‌ನಲ್ಲಿ ಹೆಚ್ಚುವರಿ ಅವಧಿಯವರೆಗೂ ಆಡಿ ದಣಿದಿತ್ತು, ಗಾಯದಿಂದ ಮರಳಿದ್ದ ಫೆರೆಂಕ್ ಪುಷ್ಕಾಸ್ ಪೂರ್ತಿ ಚೇತರಿಸಿಕೊಂಡಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ನಾನು ಮನಃಶಾಸ್ತ್ರದ ವಿದ್ಯಾರ್ಥಿನಿ. ಹುರಿದುಂಬಿಸುವುದು ಅತಿಯಾಗಿ ಆಟಗಾರರಿಗೆ ಹಾನಿಯಾದ ಪ್ರಸಂಗ ದೊಡ್ಡ ಫೈನಲ್‌ಗಳಲ್ಲಿ ಇದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಪ್ರಚೋದನೆ ಹೆಚ್ಚಿದಂತೆ ಸಾಮರ್ಥ್ಯ ಒಂದು ಹಂತದವರೆಗೆ ಏರಿ, ಆಮೇಲೆ ಇಳಿಯುತ್ತದೆ; ಕೆಲಸ ಸೂಕ್ಷ್ಮವಾದಷ್ಟೂ ಇಳಿತ ಬೇಗ ಶುರುವಾಗುತ್ತದೆ ಎಂಬ ತತ್ವವನ್ನು ನೀವು ತರಗತಿಯಲ್ಲಿ ಓದಿರುತ್ತೀರಿ. ಯರ್ಕ್ಸ್ ಮತ್ತು ಡಾಡ್ಸನ್ 1908ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಿಂದ ಹೊರಟ ಮಾತು ಅದು. ಇಲಿಗಳಿಂದ ಚಾಂಪಿಯನ್ಸ್ ಲೀಗಿಗೆ ಹಾರುವುದು ದೊಡ್ಡ ಜಿಗಿತವೇ ಆದರೂ, 2009ರ ಮೇ 27ರಂದು ರೋಮ್‌ನಲ್ಲಿ ನಡೆದ ಫೈನಲ್‌ನ ಮೊದಲ ಹತ್ತು ನಿಮಿಷ ನೋಡಿದಾಗ ನನಗೆ ಅದು ನೆನಪಾಗುತ್ತದೆ.

ಬಾರ್ಸಿಲೋನಾದ ಕೋಚ್ ಆಗಿ ಮೊದಲ ಋತುವಿನಲ್ಲಿದ್ದ ಪೆಪ್ ಗಾರ್ಡಿಯೋಲ, ಆಟಕ್ಕೆ ಇಳಿಯುವ ಮುನ್ನ ಡ್ರೆಸ್ಸಿಂಗ್ ರೂಮಿನಲ್ಲಿ ದೀಪ ಆರಿಸಿ ಒಂದು ವಿಡಿಯೊ ತೋರಿಸಿದರು. ರೋಮನ್ ಕಾಲದ ಕಥೆಯ ಪ್ರಸಿದ್ಧ ಹಾಲಿವುಡ್ ಚಿತ್ರವೊಂದರ ಸಂಗೀತ ಮತ್ತು ದೃಶ್ಯಗಳೊಂದಿಗೆ ಆ ಋತುವಿನ ಪ್ರತಿಯೊಬ್ಬ ಆಟಗಾರನ ಆಟದ ತುಣುಕುಗಳನ್ನು ಹೊಲಿದು ಮಾಡಿದ್ದ ಏಳೆಂಟು ನಿಮಿಷದ ವಿಡಿಯೊ ಅದು. ಕೆಲವರ ಕಣ್ಣು ತೇವವಾಯಿತು. ಹೊರಗೆ ಬಂದ ತಂಡ ಮೊದಲ ಹತ್ತು ನಿಮಿಷ ಕಾಲು ಕಟ್ಟಿದಂತೆ ಆಡಿತು. ಮ್ಯಾಂಚೆಸ್ಟರ್ ಯುನೈಟೆಡ್ ಅಲೆಯಲೆಯಾಗಿ ಮೇಲೆ ಬಿದ್ದಿತು, ಕ್ರಿಸ್ಟಿಯಾನೊ ರೊನಾಲ್ಡೊ ಹೊಡೆತಗಳು ಬಾರ್ಸಿಲೋನಾವನ್ನು ನಡುಗಿಸಿದವು. ಅಲ್ಲಿಂದ ತಂಡವನ್ನು ಮೇಲೆತ್ತಿದ್ದು ಮತ್ತೆ ಯೋಜನೆಯೇ. ಮೆಸ್ಸಿ ನಡುವಿಗೆ ಸರಿದು, ಸ್ಯಾಮುಯೆಲ್ ಎಟೊ ಬಲಬದಿಗೆ ಹೋಗುವ ಏರ್ಪಾಡಿನಲ್ಲಿ ಎಟೊ ಹತ್ತನೇ ನಿಮಿಷದಲ್ಲಿ ಬಲದಿಂದ ಒಳನುಗ್ಗಿ ಗೋಲು ಹೊಡೆದರು. ಆ ಒಂದು ಗೋಲಿನಿಂದ ಬಾರ್ಸಿಲೋನಾ ತನ್ನ ಉಸಿರನ್ನು ಮರಳಿ ಪಡೆದು 2–0ರಿಂದ ಗೆದ್ದಿತು. ರೊನಾಲ್ಡೊ ಅವರ ಮೊದಲ ಹೊಡೆತವೇ ಒಳಹೋಗಿದ್ದರೆ ಆ ವಿಡಿಯೊವನ್ನು ಜನ ನೆನೆಯುವ ರೀತಿಯೇ ಬೇರೆಯಾಗುತ್ತಿತ್ತು.

ಫೈನಲ್ ಆಡುವವನಿಗೆ ಪ್ರೇರಣೆಯ ಕೊರತೆ ಇರುವುದಿಲ್ಲ ಎಂಬುದು ಕೋಚ್‌ಗಳು ಮರೆಯುವ ಸರಳ ಸತ್ಯ. ಲೀಗಿನ ನಡುವೆ ಮಂಕಾಗಿ ಬರುವ ಮಂಗಳವಾರದ ಪಂದ್ಯಕ್ಕೆ ಬೇಕಾಗುವ ಉರುವಲು ಫೈನಲ್‌ಗೆ ಬೇಕಾಗಿಲ್ಲ. ಅಲ್ಲಿ ಒಲೆ ಆಗಲೇ ಉರಿಯುತ್ತಿರುತ್ತದೆ, ಕೋಚ್‌ನ ಕೆಲಸ ಹಾಲು ಉಕ್ಕದಂತೆ ನೋಡಿಕೊಳ್ಳುವುದು.

ಸಿದ್ಧತೆಯೂ ಅತಿಯಾಗಬಹುದು. ಇದೇ ಗಾರ್ಡಿಯೋಲ 2021ರ ಮೇ 29ರಂದು ಪೋರ್ಟೊದಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಚೆಲ್ಸಿಯ ಎದುರು ಮ್ಯಾಂಚೆಸ್ಟರ್ ಸಿಟಿಯನ್ನು ಇಳಿಸಿದಾಗ, ಇಡೀ ಋತುವಿನಲ್ಲಿ ರಕ್ಷಣೆಯ ಮುಂದೆ ನಿಂತು ಕಾಯುತ್ತಿದ್ದ ರೊಡ್ರಿಯನ್ನೂ ಫೆರ್ನಾಂಡಿನೊ ಅವರನ್ನೂ ಬೆಂಚಿನಲ್ಲಿ ಕೂರಿಸಿದರು. ಥಾಮಸ್ ಟುಹೆಲ್ ಅವರ ಚೆಲ್ಸಿ ಅದಕ್ಕೂ ಹಿಂದಿನ ಆರು ವಾರಗಳಲ್ಲಿ ಸಿಟಿಯನ್ನು ಎರಡು ಬಾರಿ ಸೋಲಿಸಿತ್ತು. ಆ ಸೋಲುಗಳಿಗೆ ಉತ್ತರ ಹುಡುಕುವ ಭರದಲ್ಲಿ, ತನ್ನವರಿಗೆ ಚೆನ್ನಾಗಿ ಗೊತ್ತಿದ್ದ ಆಟವನ್ನೇ ಅವರು ಬದಲಿಸಿದರೆಂಬುದು ನನ್ನ ಅಭಿಪ್ರಾಯ. ಮೇಸನ್ ಮೌಂಟ್ ಕೊಟ್ಟ ಪಾಸ್ ಸಿಟಿಯ ಖಾಲಿ ನಡುಭಾಗವನ್ನು ಸೀಳಿಕೊಂಡು ಹೋಗಿ, 42ನೇ ನಿಮಿಷದಲ್ಲಿ ಕೈ ಹಾವರ್ಟ್ಜ್ ಪಂದ್ಯದ ಏಕೈಕ ಗೋಲು ಹೊಡೆದರು. ಎದುರಾಳಿಯನ್ನು ಎಷ್ಟು ಓದಬೇಕೆಂಬುದಕ್ಕೂ ಒಂದು ಮಿತಿ ಇದೆ.

ಪ್ರಶ್ನೆ: ಕಂಠೀರವ ಕ್ರೀಡಾಂಗಣದಲ್ಲಿ ಕೂತು 2018ರ ಐ.ಎಸ್.ಎಲ್. (ಇಂಡಿಯನ್ ಸೂಪರ್ ಲೀಗ್) ಫೈನಲ್ ಸೋಲನ್ನು ಕಣ್ಣಾರೆ ನೋಡಿದವನು ನಾನು. ಮರುವರ್ಷ ಅದೇ ಬೆಂಗಳೂರು ಎಫ್.ಸಿ. ಗೆದ್ದಿತು. ಕೋಚ್ ಬದಲಾದದ್ದೇ ಕಾರಣವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಎರಡೂ ಫೈನಲ್‌ಗಳು ಮಾರ್ಚ್ 17ರಂದೇ ನಡೆದವು. ಹೋಲಿಸಿ ನೋಡಲು ಇದಕ್ಕಿಂತ ಅನುಕೂಲ ಬೇಕೇ? 2018ರಲ್ಲಿ ಕೋಚ್ ಆಲ್ಬರ್ಟ್ ರೋಕಾ ಅವರ ಬೆಂಗಳೂರು ತಂಡ ಲೀಗ್ ಹಂತದಲ್ಲಿ 40 ಅಂಕಗಳೊಂದಿಗೆ, ಎರಡನೇ ಸ್ಥಾನದಲ್ಲಿದ್ದ ಚೆನ್ನೈಯಿನ್‌ಗಿಂತ ಎಂಟು ಅಂಕ ಮೇಲಿತ್ತು. ಫೈನಲ್‌ನಲ್ಲಿ ಉದಾಂತ ಸಿಂಗ್ ಕಳುಹಿಸಿದ ಚೆಂಡಿಗೆ ಸುನಿಲ್ ಛೇತ್ರಿ ಒಂಬತ್ತನೇ ನಿಮಿಷದಲ್ಲಿ ಹಾರಿ ತಲೆಕೊಟ್ಟಾಗ ನೀವು ಕೂತಿದ್ದ ಗ್ಯಾಲರಿ ಹೇಗೆ ಎದ್ದು ನಿಂತಿತ್ತೆಂದು ನಿಮಗೇ ಗೊತ್ತು. ಆಮೇಲೆ ಚೆನ್ನೈಯಿನ್‌ನ ಡಿಫೆಂಡರ್ ಮೈಲ್ಸನ್ ಆಲ್ವೆಸ್ 17ನೇ ಮತ್ತು 45ನೇ ನಿಮಿಷಗಳಲ್ಲಿ ಎರಡು ಹೆಡರ್ ಗೋಲು ಹೊಡೆದರು, ಎರಡೂ ಕಾರ್ನರ್‌ನಿಂದ. ಒಂದು ಕಾರ್ನರ್‌ನಿಂದ ಗೋಲು ತಿನ್ನುವುದನ್ನು ಅಪಘಾತವೆನ್ನಬಹುದು. ಅದೇ ಆಟಗಾರನಿಂದ ಅದೇ ರೀತಿಯಲ್ಲಿ ಮತ್ತೊಮ್ಮೆ ತಿಂದರೆ, ಯಾರು ಯಾರನ್ನು ಹಿಡಿಯಬೇಕೆಂಬ ಲೆಕ್ಕ ತಪ್ಪಿದೆ ಎಂದೇ ಹೇಳಬೇಕಾಗುತ್ತದೆ. ಜಾನ್ ಗ್ರೆಗರಿಯವರ ಚೆನ್ನೈಯಿನ್ 3–2ರಿಂದ ಕಪ್ ಒಯ್ದಿತು.

ಮರುವರ್ಷ ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಮುಖ್ಯ ಕೋಚ್ ಆದರು. ಹಾಗಾಗಿ ಕೋಚ್ ಬದಲಾದರು ಎನ್ನುವುದು ಅರ್ಧಸತ್ಯ: ಹಿಂದಿನ ವರ್ಷದ ಸೋಲನ್ನು ಬೆಂಚಿನಲ್ಲೇ ಕೂತು ನೋಡಿದ್ದ ವ್ಯಕ್ತಿಯೇ ಚುಕ್ಕಾಣಿ ಹಿಡಿದರು. ಮುಂಬೈಯಲ್ಲಿ ಎಫ್.ಸಿ. ಗೋವಾ ಎದುರಿನ ಫೈನಲ್ ಗೋಲಿಲ್ಲದೆ ಹೆಚ್ಚುವರಿ ಅವಧಿಗೆ ಹೋಯಿತು. ಗೋವಾದ ಅಹ್ಮದ್ ಜಾಹು ಕೆಂಪು ಕಾರ್ಡ್ ಪಡೆದು ಹೊರನಡೆದದ್ದು ಬೆಂಗಳೂರಿಗೆ ದೊಡ್ಡ ಉಪಕಾರವಾಯಿತು. 117ನೇ ನಿಮಿಷದಲ್ಲಿ ದಿಮಾಸ್ ದೆಲ್ಗಾದೊ ಕಾರ್ನರ್ ಹೊಡೆದರು, ರಾಹುಲ್ ಭೇಕೆ ತಲೆಯಿಂದ ಗೋಲು ಸೇರಿಸಿದರು. ಹಿಂದಿನ ವರ್ಷ ಕಾರ್ನರ್‌ನಿಂದ ಕಳೆದುಕೊಂಡದ್ದನ್ನು ಕಾರ್ನರ್‌ನಿಂದಲೇ ಪಡೆದರು. ಕ್ವಾಡ್ರಾಟ್ ಅವರ ತಂಡದಲ್ಲಿ ಕಾರ್ನರ್, ಫ್ರೀ ಕಿಕ್‌ಗಳಿಗೆ ಸಿಗುತ್ತಿದ್ದ ಮಹತ್ವ ಎದ್ದು ಕಾಣುವಂತಿತ್ತಾದ್ದರಿಂದ ಇದನ್ನು ನಾನು ಪೂರ್ತಿ ಕಾಕತಾಳೀಯವೆಂದು ಒಪ್ಪಲಾರೆ.

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ನಮ್ಮ ಹುಡುಗರು ಫೈನಲ್ ತಲುಪಿದ್ದಾರೆ, ಮಳೆಯಿಂದಾಗಿ ಪಂದ್ಯ ಮುಂದಿನ ತಿಂಗಳಿಗೆ ಹೋಗಿದೆ. ನಮ್ಮ ಖಾಯಂ ಗೋಲಿ ಜ್ವರದಿಂದ ಎದ್ದಿದ್ದಾನೆ, ಅವನ ಜಾಗದಲ್ಲಿ ಆಡಿದ ಹುಡುಗನೂ ಚೆನ್ನಾಗಿ ಆಡಿದ್ದಾನೆ. ಯಾರನ್ನು ಇಳಿಸಲಿ? ಪಂದ್ಯದ ಮುಂಚೆ ಹುಡುಗರಿಗೆ ಏನು ಹೇಳಲಿ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಮೇಷ್ಟ್ರೇ, ನಿಮ್ಮದೇ ವೃತ್ತಿಯಿಂದ ಬಂದವರೊಬ್ಬರು ಇಂಥದೇ ಸಂದಿಗ್ಧದಲ್ಲಿದ್ದರು. ಹೈದರಾಬಾದಿನ ಶಾಲಾ ಶಿಕ್ಷಕರಾಗಿದ್ದ ಸೈಯದ್ ಅಬ್ದುಲ್ ರಹೀಮ್ ಭಾರತದ ಕೋಚ್ ಆಗಿ 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ಗೆ ಹೋದಾಗ ಕ್ಯಾನ್ಸರ್ ಅವರ ದೇಹದೊಳಗಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ವಿರುದ್ಧ ಭಾರತ 0–2ರಿಂದ ಸೋತಿತು. ಮುಂದೆ ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದವು. ರಹೀಮ್ ಜರ್ನೈಲ್ ಅವರನ್ನು ಮನೆಗೆ ಕಳುಹಿಸಲಿಲ್ಲ, ಹಿಂದಿನ ಸಾಲಿನಿಂದ ಎತ್ತಿ ಮುಂದಿನ ಸಾಲಿಗೆ ಹಾಕಿದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಾದದ್ದು ಮತ್ತದೇ ಕೊರಿಯಾ. ಜ್ವರದಿಂದ ಹಿಂದಿನ ಪಂದ್ಯಗಳನ್ನು ತಪ್ಪಿಸಿಕೊಂಡಿದ್ದ ಎತ್ತರದ ಗೋಲ್‌ಕೀಪರ್ ಪೀಟರ್ ತಂಗರಾಜ್ ಅವರನ್ನು, ಚೆನ್ನಾಗಿಯೇ ಆಡುತ್ತಿದ್ದ ಪ್ರದ್ಯುತ್ ಬರ್ಮನ್ ಅವರ ಜಾಗಕ್ಕೆ ರಹೀಮ್ ತಂದರು. ಭಾರತೀಯ ಅಧಿಕಾರಿಯೊಬ್ಬರ ಹೇಳಿಕೆಯಿಂದ ಕೆರಳಿದ್ದ ಕ್ರೀಡಾಂಗಣವಿಡೀ ಭಾರತದ ವಿರುದ್ಧ ಕೂಗುತ್ತಿರುವಾಗ ಪಿ.ಕೆ. ಬ್ಯಾನರ್ಜಿ ಒಂದು, ಹೊಲಿಗೆ ಹಾಕಿಸಿಕೊಂಡ ತಲೆಯ ಜರ್ನೈಲ್ ಇನ್ನೊಂದು ಗೋಲು ಹೊಡೆದು 2–1ರಿಂದ ಚಿನ್ನ ತಂದರು. ಹಿಂದಿನ ರಾತ್ರಿ ರಹೀಮ್ ತಮ್ಮ ಹುಡುಗರಿಂದ ಕೇಳಿದ್ದು ಒಂದೇ ಉಡುಗೊರೆ, ನಾಳೆಯ ಚಿನ್ನ. ಆ ಮಾತು ಅಷ್ಟು ಚಿಕ್ಕದಾಗಿರಲು ಸಾಧ್ಯವಾದದ್ದು ಉಳಿದದ್ದನ್ನೆಲ್ಲ ಅವರು ಆಗಲೇ ತೀರ್ಮಾನಿಸಿದ್ದರಿಂದ. ಮುಂದಿನ ವರ್ಷ ಜೂನ್‌ನಲ್ಲಿ ಅವರು ತೀರಿಕೊಂಡರು.

ನಿಮ್ಮ ವಿಷಯಕ್ಕೆ ಬರುತ್ತೇನೆ. ಎದುರಾಳಿ ತಂಡ ಎತ್ತರದ ಚೆಂಡುಗಳಿಂದ ಆಡುವುದೋ, ನೆಲದ ಮೇಲೆ ಪಾಸ್ ಮಾಡುವುದೋ ನೋಡಿಕೊಂಡು ಅದಕ್ಕೆ ತಕ್ಕವನನ್ನು ಗೋಲಿಗೆ ನಿಲ್ಲಿಸಿ. ಜ್ವರದಿಂದ ಎದ್ದವನು ಅಭ್ಯಾಸದಲ್ಲಿ ಪೂರ್ತಿ ಅವಧಿ ಓಡಬಲ್ಲನೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಪೆನಾಲ್ಟಿ ಹೊಡೆಯುವ ಐವರ ಹೆಸರನ್ನು ಈಗಲೇ ಬರೆದಿಡಿ, ಕಾರ್ನರ್ ಬಂದಾಗ ಯಾರು ಯಾರ ಪಕ್ಕ ನಿಲ್ಲಬೇಕೆಂಬುದನ್ನು ಹುಡುಗರೇ ನಿಮಗೆ ಬಾಯಿಪಾಠ ಒಪ್ಪಿಸುವಂತಾಗಲಿ. ಮಡಿಕೇರಿಯ ಮಳೆಯಲ್ಲಿ ಮೈದಾನ ಜಾರುವುದು ಖಂಡಿತವಾದ್ದರಿಂದ ಬೂಟುಗಳ ಸ್ಟಡ್ಡು ಸವೆದಿದೆಯೇ ಎಂದು ನೋಡಿ. ಪಂದ್ಯದ ಬೆಳಿಗ್ಗೆ ಮೂರು ವಾಕ್ಯಕ್ಕಿಂತ ಹೆಚ್ಚು ಮಾತನಾಡಬೇಡಿ. ಇಬ್ಬರು ಗೋಲಿಗಳಲ್ಲಿ ಯಾರು ಆಡುತ್ತಾರೆಂಬುದನ್ನು ಹಿಂದಿನ ಸಂಜೆಯೇ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳಿ, ಆಡದ ಹುಡುಗನಿಗೆ ಕಾರಣವನ್ನೂ ಹೇಳಿ.